ಮನೆಯಲ್ಲೇ ಓದಿ ಹತ್ತನೇ ಕ್ಲಾಸ್: ಟಿಸಿ ತರುವ ಮೊದಲು ಮಲೆನಾಡಿನ ಮನೆಗಳು ಹಾಕಬೇಕಾದ ಲೆಕ್ಕ

ಮಗನನ್ನು ಶಾಲೆ ಬಿಡಿಸಿ, ಮನೆಯಲ್ಲೇ ಓದಿಸಿ, ಹತ್ತನೇ ಕ್ಲಾಸ್ ಪರೀಕ್ಷೆಗೆ ಕೂರಿಸಬಹುದಾ? ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಈಗ ಈ ಪ್ರಶ್ನೆ ಮೆಲ್ಲಗೆ ಕೇಳಿಬರುತ್ತಿದೆ. ಮೊದಲು ಇದು ಬೆಂಗಳೂರಿನವರ ಮಾತು ಅಂತ ನಾವೆಲ್ಲ ಬಿಟ್ಟುಬಿಡುತ್ತಿದ್ದೆವು. ಕೊರೊನಾ ಬಂದು ಹೋದ ಮೇಲೆ ಹಾಗಿಲ್ಲ. ಲ್ಯಾಪ್‌ಟಾಪ್ ಹಿಡಿದು ಊರಿನ ತೋಟದ ಮನೆಗೆ ವಾಪಸ್ ಬಂದವರಿದ್ದಾರೆ. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟು, ಎರಡು ಕಿಲೋಮೀಟರ್ ನಡೆದು, ಬಸ್ ಹಿಡಿದು, ಸಂಜೆ ಕತ್ತಲಾದ ಮೇಲೆ ಮನೆ ಸೇರುವ ಮಗುವನ್ನು ದಿನಾ ನೋಡಿ ಸಾಕಾದವರಿದ್ದಾರೆ. ಹಾಸ್ಟೆಲ್‌ಗೆ ಬಿಡಲು ಮನಸ್ಸಿಲ್ಲದವರು, ಮಗುವಿನ ಆರೋಗ್ಯ ಸರಿಯಿಲ್ಲದವರು, ಯಕ್ಷಗಾನವನ್ನೋ ಸಂಗೀತವನ್ನೋ ಆಟವನ್ನೋ ಗಂಭೀರವಾಗಿ ಹಿಡಿದ ಮಗು ಮನೆಯಲ್ಲಿರುವವರು, ಹೀಗೆ ಕಾರಣ ಒಬ್ಬೊಬ್ಬರದು ಒಂದೊಂದು.

ಆಗುತ್ತದಾ ಅಂತ ಕೇಳಿದರೆ, ಆಗುತ್ತದೆ. ಆದರೆ ಈ ತೀರ್ಮಾನ ತೆಗೆದುಕೊಳ್ಳುವವರು ಸಾಮಾನ್ಯವಾಗಿ ಪಾಠದ ಬಗ್ಗೆ ಯೋಚಿಸುತ್ತಾರೆ. ಗಣಿತ ನಾನು ಹೇಳಿಕೊಡ್ತೀನಿ, ಇಂಗ್ಲಿಷ್ ಅವಳು ಹೇಳಿಕೊಡ್ತಾಳೆ, ವಿಜ್ಞಾನಕ್ಕೆ ಯೂಟ್ಯೂಬ್ ಇದೆ, ಇಷ್ಟು ಸಾಕಲ್ವಾ ಅಂತ. ನನ್ನ ಪ್ರಕಾರ ಪಾಠ ಇದರಲ್ಲಿ ಸುಲಭದ ಭಾಗ. ಶಾಲೆ ಪಾಠದ ಜೊತೆಗೆ ಸದ್ದಿಲ್ಲದೆ ಬೇರೆ ಹತ್ತು ಕೆಲಸ ಮಾಡಿಕೊಡುತ್ತದೆ. ಪರೀಕ್ಷೆಗೆ ಹೆಸರು ಕಳಿಸುತ್ತದೆ, ಆಂತರಿಕ ಅಂಕ ಹಾಕುತ್ತದೆ, ಗ್ರಾಮೀಣ ಕೋಟಾದ ಅರ್ಜಿಗೆ ಸಹಿ ಹಾಕುತ್ತದೆ, ಮೂರು ಗಂಟೆ ಒಂದೇ ಕಡೆ ಕೂತು ಬರೆಯುವುದನ್ನು ಅಭ್ಯಾಸ ಮಾಡಿಸುತ್ತದೆ. ಶಾಲೆ ಬಿಟ್ಟ ದಿನದಿಂದ ಈ ಒಂದೊಂದು ಕೆಲಸವೂ ಮನೆಯವರ ತಲೆ ಮೇಲೆ ಬರುತ್ತದೆ. ಅದರಲ್ಲಿ ಕೆಲವನ್ನು ಮನೆಯವರು ಎಷ್ಟು ಕಷ್ಟಪಟ್ಟರೂ ಮಾಡಲು ಆಗುವುದೇ ಇಲ್ಲ. ಅದಕ್ಕೇ ಈ ಲೆಕ್ಕವನ್ನು ಪರೀಕ್ಷೆಯಿಂದ ಶುರು ಮಾಡಿ ಹಿಂದಕ್ಕೆ ಹಾಕಬೇಕು, ಅದೂ ಮಗು ಎಂಟನೇ ತರಗತಿಯಲ್ಲಿರುವಾಗಲೇ.

ಕಾನೂನಿನ ಮಾತು ಮೊದಲು ಮುಗಿಸಿಬಿಡೋಣ, ಯಾಕಂದ್ರೆ ಜನಕ್ಕೆ ಜಾಸ್ತಿ ಹೆದರಿಕೆ ಇರೋದು ಅಲ್ಲೇ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದು 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಅಂತ ಅದರ 10ನೇ ಕಲಮು ಹೇಳುತ್ತದೆ. ಸೇರಿಸದ ಹೆತ್ತವರಿಗೆ ಶಿಕ್ಷೆ ಅಂತ ಕಾಯ್ದೆಯಲ್ಲಿ ಇಲ್ಲ. ಮನೆಯಲ್ಲಿ ಓದಿಸುವುದು ತಪ್ಪು ಅಂತಲೂ ಬರೆದಿಲ್ಲ, ಸರಿ ಅಂತಲೂ ಬರೆದಿಲ್ಲ. ತೀವ್ರ ಅಂಗವೈಕಲ್ಯ ಇರುವ ಮಕ್ಕಳಿಗೆ ಮಾತ್ರ 2012ರ ತಿದ್ದುಪಡಿ ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕನ್ನು ನೇರವಾಗಿ ಕೊಟ್ಟಿದೆ. ಇಲ್ಲಿ ಒಂದು ವಿಷಯ ಗಮನಿಸಿ. ಆರು ವರ್ಷದ ಮಗುವನ್ನು ಮನೆಯಲ್ಲಿಟ್ಟುಕೊಂಡರೆ ಕಾನೂನಿನ ಗೊಂದಲ ಜಾಸ್ತಿ. ಎಂಟನೇ ತರಗತಿ ಮುಗಿಸಿದ, 14 ತುಂಬಿದ ಮಗುವಿನ ವಿಷಯದಲ್ಲಿ ಆ ಗೊಂದಲ ಬಹುಮಟ್ಟಿಗೆ ಇಲ್ಲ. ಆದರೂ ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಮನೆಗೆ ಬಂದು ವಿಚಾರಿಸಬಹುದು. ಶಾಲೆ ಬಿಟ್ಟ ಮಕ್ಕಳ ಪಟ್ಟಿಯಲ್ಲಿ ಹೆಸರು ಸೇರಬಹುದು. ಅದಕ್ಕೆ ಸಿಟ್ಟಾಗಬೇಡಿ. ಆ ಪಟ್ಟಿ ಇರೋದು ಕೂಲಿಗೆ ಹೋಗುವ, ಮದುವೆ ಮಾಡಿಸಿಬಿಡುವ ಮಕ್ಕಳನ್ನು ಹುಡುಕಲಿಕ್ಕೆ. ಮಗು ಎಲ್ಲಿ ಹೆಸರು ನೋಂದಾಯಿಸಿದೆ, ಯಾವ ಪರೀಕ್ಷೆಗೆ ಕೂರುತ್ತದೆ ಅಂತ ಕಾಗದ ತೋರಿಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಪತ್ರ ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಿ.

ಈಗ ಪರೀಕ್ಷೆ. ಸಿಬಿಎಸ್‌ಇ, ಐಸಿಎಸ್‌ಇ ಬಾಗಿಲು ನಮ್ಮ ಕಡೆ ಮನೆಯಲ್ಲಿ ಓದುವ ಮಗುವಿಗೆ ತೆರೆದಿಲ್ಲ, ಅವಕ್ಕೆ ಶಾಲೆಯ ಮೂಲಕವೇ ಹೋಗಬೇಕು. ವಿದೇಶಿ ಬೋರ್ಡುಗಳ ಖರ್ಚು ನಮ್ಮಂಥ ಮನೆಗಳಿಗೆ ಹೊರೆ. ಉಳಿಯುವುದು ಎರಡೇ ದಾರಿ. ಒಂದು, ನಮ್ಮದೇ ರಾಜ್ಯದ ಎಸ್ಸೆಸ್ಸೆಲ್ಸಿಗೆ ಖಾಸಗಿ ಅಭ್ಯರ್ಥಿಯಾಗಿ ಕೂರುವುದು. ಇನ್ನೊಂದು, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್.

ಎಸ್ಸೆಸ್ಸೆಲ್ಸಿ ಎಲ್ಲರಿಗೂ ಗೊತ್ತು. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ ನಡೆಸುತ್ತದೆ. ಆರು ವಿಷಯ, ಒಟ್ಟು 625 ಅಂಕ, ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100. 15 ವರ್ಷ ತುಂಬಿದವರು ಖಾಸಗಿಯಾಗಿ ಬರೆಯಬಹುದು. ಅರ್ಜಿಯನ್ನು ಮಂಡಲಿ ಗುರುತಿಸಿದ ಹೈಸ್ಕೂಲಿನ ಮೂಲಕ ಹಾಕಬೇಕು, ಅದೂ ಪರೀಕ್ಷೆಗೆ ಎಷ್ಟೋ ತಿಂಗಳ ಮೊದಲು. ತಾರೀಕು ತಪ್ಪಿದರೆ ಆ ವರ್ಷ ಹೋಯಿತು. ಶಾಲೆಯಲ್ಲಿರುವ ಮಗುವಿಗೆ ಈ ತಾರೀಕು ಗೊತ್ತಿರಬೇಕಾದ ಅಗತ್ಯವೇ ಇಲ್ಲ, ಮೇಷ್ಟ್ರು ನೋಡಿಕೊಳ್ಳುತ್ತಾರೆ. ಮನೆಯಲ್ಲಿರುವ ಮಗುವಿಗೆ ಇದೇ ಮೊದಲ ಪರೀಕ್ಷೆ.

ಈ ದಾರಿಯ ದೊಡ್ಡ ಅನುಕೂಲ ಕನ್ನಡ. ಪುಸ್ತಕ ಕನ್ನಡದಲ್ಲಿದೆ, ಪಠ್ಯಪುಸ್ತಕ ಸಂಘದ ತಾಣದಿಂದ ಪುಕ್ಕಟೆ ಇಳಿಸಿಕೊಳ್ಳಬಹುದು. ಹಳೆಯ ಪ್ರಶ್ನೆಪತ್ರಿಕೆ, ಮಾದರಿ ಉತ್ತರ ಎಲ್ಲ ಸಿಗುತ್ತದೆ. ಊರಿನಲ್ಲಿ ಯಾವ ಮೇಷ್ಟ್ರನ್ನು ಕೇಳಿದರೂ ಈ ಪಠ್ಯ ಗೊತ್ತಿರುತ್ತದೆ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿದ್ದು, ಯಾವುದರಲ್ಲಿ ಹೆಚ್ಚು ಅಂಕ ಬರುತ್ತದೋ ಅದನ್ನು ಉಳಿಸಿಕೊಳ್ಳಬಹುದು. ಒಂದೇ ದಿನದ ಜ್ವರಕ್ಕೆ ಇಡೀ ವರ್ಷ ಕಳೆದುಕೊಳ್ಳುವ ಭಯ ಇದರಿಂದ ಕಡಿಮೆಯಾಗಿದೆ.

ಅನಾನುಕೂಲ ಇರೋದು ಆಂತರಿಕ ಅಂಕದಲ್ಲಿ. ಶಾಲೆಯ ಮಗು ಒಂದು ವಿಷಯದಲ್ಲಿ 80 ಅಂಕಕ್ಕೆ ಬರೆಯುತ್ತದೆ, ಉಳಿದ 20 ಶಾಲೆಯೇ ಕೊಡುತ್ತದೆ. ಆ 20ರಲ್ಲಿ ಹದಿನೆಂಟೋ ಹತ್ತೊಂಬತ್ತೋ ಬರುವುದು ಸಾಮಾನ್ಯ. 2025ರಲ್ಲಿ ಸರ್ಕಾರ ಪಾಸಿನ ಮಟ್ಟವನ್ನು 33 ಪ್ರತಿಶತಕ್ಕೆ ಇಳಿಸಿದ ಮೇಲೆ, 625ಕ್ಕೆ ಒಟ್ಟು 206 ಬರಬೇಕು, ಪ್ರತಿ ವಿಷಯದಲ್ಲೂ ಕನಿಷ್ಠ 30 ಇರಬೇಕು. ಆಂತರಿಕದಲ್ಲಿ 20 ಸಿಕ್ಕ ಶಾಲೆಯ ಮಗುವಿಗೆ ಕಷ್ಟದ ವಿಷಯದ ಲಿಖಿತ ಪರೀಕ್ಷೆಯಲ್ಲಿ 10 ಬಂದರೂ ಆ ವಿಷಯದ 30 ಮುಟ್ಟುತ್ತದೆ. ಖಾಸಗಿ ಅಭ್ಯರ್ಥಿಗೆ ಆ ಮೆಟ್ಟಿಲು ಇಲ್ಲ. ಪೂರ್ತಿ 100 ಅಂಕಕ್ಕೇ ಬರೆಯಬೇಕು, ಅದಕ್ಕೆ ಪ್ರಶ್ನೆಪತ್ರಿಕೆಯೂ ಬೇರೆ. ಚೆನ್ನಾಗಿ ಓದುವ ಮಗುವಿಗೆ ಇದು ದೊಡ್ಡ ವಿಷಯವಲ್ಲ. ಗಣಿತ ಕಂಡರೆ ಬೆವರುವ ಮಗುವನ್ನು, ಶಾಲೆಯಲ್ಲಿ ಕಷ್ಟ ಆಗ್ತಿದೆ ಅಂತ ಬಿಡಿಸಿ ಖಾಸಗಿಯಾಗಿ ಕಟ್ಟಿಸಿದರೆ, ಕಷ್ಟ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಸಾಲದು. ಮಾಡೆಲ್ ಪೇಪರ್ ಬಿಡಿಸುವಾಗಲೂ ಶಾಲೆ ಮಕ್ಕಳ 80 ಅಂಕದ ಪೇಪರ್ ಹಿಡಿದು ಕೂರಬೇಡಿ, ಖಾಸಗಿಯವರ ಪೇಪರನ್ನೇ ಹುಡುಕಿ ತನ್ನಿ.

ಇನ್ನೊಂದು ಮಾತು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದ್ದು 2024ರಲ್ಲಿ. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಆ ವರ್ಷ ಶೇ. 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕ ಹೆಚ್ಚಿಸಿದ ಮೇಲೆ. ಅದೇ ವರ್ಷ ಶಿವಮೊಗ್ಗ ಜಿಲ್ಲೆ ಶೇ. 88.67 ಪಡೆದು ಉಡುಪಿ, ದಕ್ಷಿಣ ಕನ್ನಡದ ನಂತರ ಮೂರನೇ ಸ್ಥಾನದಲ್ಲಿತ್ತು. ಅಂದರೆ ನಮ್ಮ ಜಿಲ್ಲೆಯ ಹೈಸ್ಕೂಲುಗಳು ಕ್ಯಾಮೆರಾ ಮುಂದೆಯೂ ಮಕ್ಕಳನ್ನು ದಡ ಮುಟ್ಟಿಸಿವೆ. ಶಾಲೆಯಲ್ಲಿ ಏನೂ ಕಲಿಸುವುದಿಲ್ಲ ಅನ್ನುವ ಸಿಟ್ಟಿನಲ್ಲಿ ಬಿಡಿಸುವವರು ತಮ್ಮ ಊರಿನ ಹೈಸ್ಕೂಲಿನ ಫಲಿತಾಂಶವನ್ನು ಒಮ್ಮೆ ನೋಡಲೇಬೇಕು. ಬಿಡಿಸಲು ಬೇರೆ ಒಳ್ಳೆಯ ಕಾರಣ ಇರಬಹುದು, ಇದಂತೂ ಎಲ್ಲ ಕಡೆ ನಿಜವಲ್ಲ.

ಎರಡನೇ ದಾರಿ ಎನ್‌ಐಒಎಸ್. 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ ಇದು. ಇದರ ಹತ್ತನೇ ತರಗತಿ ಸರ್ಟಿಫಿಕೇಟ್ ಬೇರೆ ಬೋರ್ಡುಗಳಿಗೆ ಸಮಾನ. ಶಾಲೆಯ ಹೊರಗಿರುವ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಕಟ್ಟಿದ್ದಾರೆ, ಅದು ಪ್ರತಿ ನಿಯಮದಲ್ಲೂ ಕಾಣುತ್ತದೆ. 14 ತುಂಬಿದರೆ ಸಾಕು. ಐದು ವಿಷಯ ಆರಿಸಿಕೊಂಡರೆ ಆಯಿತು, ಅದರಲ್ಲಿ ಕನಿಷ್ಠ ಒಂದು ಭಾಷೆ ಇರಬೇಕು. ಮೂರು ಭಾಷೆಯ ಹೊರೆ ಇಲ್ಲ. ಗಣಿತ, ವಿಜ್ಞಾನದ ಜೊತೆಗೆ ಗೃಹವಿಜ್ಞಾನ, ಚಿತ್ರಕಲೆ, ಮನಃಶಾಸ್ತ್ರ, ಡೇಟಾ ಎಂಟ್ರಿಯಂಥ ವಿಷಯಗಳೂ ಇವೆ. ಎಲ್ಲವನ್ನೂ ಒಂದೇ ಸಲ ಬರೆಯಬೇಕಿಲ್ಲ. ನೋಂದಣಿ ಐದು ವರ್ಷ ನಡೆಯುತ್ತದೆ, ಅಷ್ಟರಲ್ಲಿ ಒಂಬತ್ತು ಅವಕಾಶ ಸಿಗುತ್ತದೆ. ಈ ಸಲ ಎರಡು, ಮುಂದಿನ ಸಲ ಮೂರು ಅಂತ ಹಂಚಿಕೊಳ್ಳಬಹುದು. ಪಾಸಿಗೆ 33. ಆಂತರಿಕ ಅಂಕದ ಜಾಗದಲ್ಲಿ ಅಸೈನ್‌ಮೆಂಟ್ ಇದೆ, ಅದಕ್ಕೆ 20 ಪ್ರತಿಶತ ತೂಕ. ಕಾಯಿಲೆಯಿಂದ ನರಳುವ ಮಗುವಿಗೆ, ದಿನದ ಬಹುಪಾಲು ಆಟಕ್ಕೋ ಕಲೆಗೋ ಕೊಡುವ ಮಗುವಿಗೆ ಇದಕ್ಕಿಂತ ದೊಡ್ಡ ನೆಮ್ಮದಿ ಇನ್ನೊಂದಿಲ್ಲ.

ಗಣಿತ ಬಿಡಬಹುದು ಅನ್ನುವುದು ಇಲ್ಲಿನ ದೊಡ್ಡ ಆಸೆ. ಬಿಡಬಹುದು, ನಿಯಮ ಒಪ್ಪುತ್ತದೆ. ಆದರೆ ಹದಿನಾಲ್ಕು ವರ್ಷದ ಮಗುವಿಗೆ ಹದಿನೆಂಟಕ್ಕೆ ಏನು ಬೇಕಾಗುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಪಿಯುಸಿಯಲ್ಲಿ ವಿಜ್ಞಾನವೋ ಡಿಪ್ಲೊಮಾವೋ ಬೇಕು ಅಂತ ಮನಸ್ಸು ಬದಲಾದರೆ ಅಲ್ಲಿ ತಡೆ ಎದುರಾಗುತ್ತದೆ. ಗಣಿತ, ವಿಜ್ಞಾನ ಇಟ್ಟುಕೊಂಡು ನಿಧಾನಕ್ಕೆ ಬರೆಯಿರಿ, ಬಿಡುವುದಕ್ಕಿಂತ ಅದು ಒಳ್ಳೆಯದು. ಹಾಗೆಯೇ ಕನ್ನಡ. ಎನ್‌ಐಒಎಸ್‌ನಲ್ಲಿ ಕನ್ನಡ ಒಂದು ಭಾಷಾ ವಿಷಯವಾಗಿ ಇದೆ, ಸಂಕೇತ ಸಂಖ್ಯೆ 208. ಇಂಗ್ಲಿಷ್ ಮತ್ತು ಹಿಂದಿ ಸಾಕು ಅಂತ ಫಾರ್ಮ್ ತುಂಬಿ ಕನ್ನಡ ಬಿಡಬೇಡಿ. ನಾಳೆ ಈ ರಾಜ್ಯದಲ್ಲೇ ಓದಬೇಕು, ಕೆಲಸ ಹುಡುಕಬೇಕು ಅಂದರೆ ಹತ್ತನೇ ತರಗತಿಯಲ್ಲಿ ಕನ್ನಡ ಓದಿದ ದಾಖಲೆ ಕೈಯಲ್ಲಿರಬೇಕು. ಎಂಟರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿನ ಮನೆಯವರು ಇನ್ನೂ ಒಂದು ವಿಷಯ ಯೋಚಿಸಬೇಕು. ಎನ್‌ಐಒಎಸ್‌ನ ಪುಸ್ತಕ, ವಿಡಿಯೊ, ನೋಟ್ಸ್ ಸಲೀಸಾಗಿ ಸಿಗೋದು ಇಂಗ್ಲಿಷ್‌ನಲ್ಲಿ ಮತ್ತು ಹಿಂದಿಯಲ್ಲಿ. ಅಂಥ ಮಗುವಿಗೆ ಎಸ್ಸೆಸ್ಸೆಲ್ಸಿಯೇ ಸಹಜವಾದ ದಾರಿ ಅನ್ನುವುದು ನನ್ನ ಅಭಿಪ್ರಾಯ. ಹದಿನಾಲ್ಕನೇ ವಯಸ್ಸಿನಲ್ಲಿ ಮಾಧ್ಯಮವನ್ನೂ ಬದಲಿಸಿ, ಶಾಲೆಯನ್ನೂ ಬಿಡಿಸಿದರೆ ಮಗು ಎರಡು ಕಡೆಯಿಂದ ಒಂಟಿಯಾಗುತ್ತದೆ.

ಕಾಲದ ಲೆಕ್ಕ ಬಹಳ ಮುಖ್ಯ, ಎಡವೋದು ಇಲ್ಲೇ. ಎನ್‌ಐಒಎಸ್ ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡುತ್ತದೆ, ಏಪ್ರಿಲ್–ಮೇ ಒಂದು, ಅಕ್ಟೋಬರ್–ನವೆಂಬರ್ ಇನ್ನೊಂದು. ಏಪ್ರಿಲ್‌ನಲ್ಲಿ ಬರೆಯಬೇಕಾದರೆ ಹಿಂದಿನ ಮಳೆಗಾಲದಲ್ಲೇ ಹೆಸರು ನೋಂದಾಯಿಸಿರಬೇಕು. ಅಕ್ಟೋಬರ್‌ನಲ್ಲಿ ಬರೆಯಬೇಕಾದರೆ ಆ ವರ್ಷದ ಜನವರಿ ಮುಗಿಯುವುದರೊಳಗೆ. ಏಪ್ರಿಲ್ ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ಜೂನ್ ಆಗಿರುತ್ತದೆ. ನಮ್ಮ ಪಿಯು ಕಾಲೇಜುಗಳು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ಮೇ ತಿಂಗಳಲ್ಲೇ ಸೀಟು ತುಂಬಲು ಶುರು ಮಾಡುತ್ತವೆ. ಶಿವಮೊಗ್ಗದ ಬೇಡಿಕೆಯ ಕಾಲೇಜು ಬೇಕು ಅನ್ನುವವರಿಗೆ ಈ ಒಂದು ತಿಂಗಳ ಅಂತರ ದುಬಾರಿ. ಅದಕ್ಕೆ ನನಗೆ ಸರಿ ಅನ್ನಿಸುವ ಲೆಕ್ಕ ಇದು: ಏಪ್ರಿಲ್‌ನಲ್ಲಿ ಎಂಟನೇ ತರಗತಿ ಮುಗಿಸಿದ ಮಗು ಆ ವರ್ಷದ ಕೊನೆಯಲ್ಲಿ ನೋಂದಣಿ ಮಾಡಿಸಿ, ಮುಂದಿನ ಅಕ್ಟೋಬರ್‌ನಲ್ಲಿ ಬರೆಯಲಿ. ವರ್ಷ ಮುಗಿಯುವಷ್ಟರಲ್ಲಿ ಏನಾಯಿತು ಅಂತ ತಿಳಿಯುತ್ತದೆ. ಉಳಿದ ವಿಷಯವನ್ನೋ ಕಡಿಮೆ ಅಂಕ ಬಂದದ್ದನ್ನೋ ಏಪ್ರಿಲ್‌ನಲ್ಲಿ ಮತ್ತೆ ಬರೆಯಬಹುದು. ತನ್ನ ಜೊತೆಯವರು ಪಿಯುಸಿಗೆ ಹೋಗುವಾಗ ಇವನೂ ಹೋಗುತ್ತಾನೆ, ವರ್ಷ ನಷ್ಟ ಇಲ್ಲ. ಬೇರೆ ಬೋರ್ಡಿನಿಂದ ಬಂದವರಿಗೆ ಪಿಯು ಇಲಾಖೆಯ ಅರ್ಹತಾ ಪತ್ರ ಬೇಕು, ಎನ್‌ಐಒಎಸ್ ಕೊಡುವ ಮೈಗ್ರೇಷನ್ ಸರ್ಟಿಫಿಕೇಟ್ ಬೇಕು. ಇವನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಸ್ಟಡಿ ಸೆಂಟರ್ ಹತ್ತಿರದಲ್ಲಿ ಎಲ್ಲಿದೆ, ಪ್ರ್ಯಾಕ್ಟಿಕಲ್ ಎಲ್ಲಿ ನಡೆಯುತ್ತದೆ ಅನ್ನುವುದನ್ನು ಫೀಸು ಕಟ್ಟುವ ಮೊದಲೇ ನೋಡಿ. ಪರೀಕ್ಷಾ ಕೇಂದ್ರ ಬೇರೆ ಊರಿಗೆ ಬಿದ್ದರೆ ಅಲ್ಲೇ ಉಳಿದು ಬರೆಸುವ ತಯಾರಿಯೂ ಇರಬೇಕು.

ಇನ್ನು ನಮ್ಮ ಹಳ್ಳಿಯ ಮನೆಗಳು ಗಮನಿಸದೇ ಹೋಗುವ ವಿಷಯಕ್ಕೆ ಬರುತ್ತೇನೆ, ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಸಿಇಟಿಯಲ್ಲಿ ಗ್ರಾಮೀಣ ಕೋಟಾ ಅಂತ ಶೇ. 15, ಕನ್ನಡ ಮಾಧ್ಯಮ ಅಂತ ಶೇ. 5 ಸೀಟುಗಳಿವೆ. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಗ್ರಾಮೀಣರಿಗೆ ಶೇ. 25, ಕನ್ನಡ ಮಾಧ್ಯಮದವರಿಗೆ ಶೇ. 5. ಎರಡಕ್ಕೂ 1ರಿಂದ 10ನೇ ತರಗತಿವರೆಗಿನ ಓದಿನ ದಾಖಲೆ ಬೇಕು. ಶಾಲೆಯ ಮುಖ್ಯ ಶಿಕ್ಷಕರು ಬರೆದುಕೊಡಬೇಕು, ಬಿಇಒ ಸಹಿ ಬೇಕು. ಒಂಬತ್ತು ಮತ್ತು ಹತ್ತನ್ನು ಮನೆಯಲ್ಲಿ ಓದಿದ ಮಗುವಿಗೆ ಆ ಎರಡು ವರ್ಷಕ್ಕೆ ಸಹಿ ಹಾಕುವವರು ಯಾರು? ಎಂಟು ವರ್ಷ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿ, ಹಳ್ಳಿಯಲ್ಲೇ ಬೆಳೆದು, ಹಳ್ಳಿಯಿಂದಲೇ ಪರೀಕ್ಷೆ ಬರೆದ ಮಗು ಕಾಗದದ ಮೇಲೆ ಗ್ರಾಮೀಣ ಅಭ್ಯರ್ಥಿ ಆಗಿ ಉಳಿಯುವುದು ಕಷ್ಟ. ಇದು ನ್ಯಾಯವಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಖಾಸಗಿಯಾಗಿ ಪರೀಕ್ಷೆ ಕಟ್ಟುವ ಹಳ್ಳಿ ಮಕ್ಕಳಿಗೆ ವಾಸದ ದಾಖಲೆ ನೋಡಿ ಈ ಸೌಲಭ್ಯ ಕೊಡಬೇಕು. ಆದರೆ ನಿಯಮ ಬದಲಾಗುವವರೆಗೆ ಅದು ಇರುವುದು ಹೀಗೇ. ಮಗು ಮುಂದೆ ಎಂಜಿನಿಯರಿಂಗ್, ಕೃಷಿ ಪದವಿ ಅಥವಾ ಸರ್ಕಾರಿ ಕೆಲಸದ ಕಡೆ ಹೋಗಬಹುದು ಅಂತಿದ್ದರೆ, ಈ ಕೋಟಾದ ಬೆಲೆ ಏನು ಅಂತ ಟಿಸಿ ಕೇಳುವ ಮೊದಲೇ ಯೋಚಿಸಬೇಕು. ಸಾಮಾನ್ಯ ಸಿಇಟಿ ಅರ್ಹತೆಯ ವಿಷಯದಲ್ಲಿ ಇಷ್ಟು ಭಯ ಬೇಡ. ಅಲ್ಲಿ ಮುಖ್ಯವಾಗಿ ಕೇಳೋದು ಕರ್ನಾಟಕದ ಮಾನ್ಯತೆ ಇರುವ ಶಾಲೆಯಲ್ಲಿ ಏಳು ವರ್ಷ ಓದಿರಬೇಕು, ಹತ್ತನೇ ತರಗತಿಯನ್ನೋ ಹನ್ನೆರಡನೆಯದನ್ನೋ ಇಲ್ಲಿ ಪಾಸಾಗಿರಬೇಕು ಅಂತ. ಎಂಟರವರೆಗೆ ಶಾಲೆಗೆ ಹೋದ ಮಗು ಏಳು ವರ್ಷ ದಾಟಿಯೇ ಇರುತ್ತದೆ. ಮೂರನೇ ಕ್ಲಾಸಿಗೇ ಬಿಡಿಸಿದವರು ಈ ನಿಯಮವನ್ನು ಗಮನವಿಟ್ಟು ಓದಿಕೊಳ್ಳಬೇಕು.

ಇಷ್ಟೆಲ್ಲ ತಿಳಿದ ಮೇಲೂ ಮನೆಯಲ್ಲೇ ಓದಿಸುತ್ತೇವೆ ಅನ್ನುವ ಮನೆಗಳಿವೆ. ಅವರ ಧೈರ್ಯದ ಬಗ್ಗೆ ನನಗೆ ಗೌರವ ಇದೆ. ಅವರಿಗೆ ಮಲೆನಾಡಿನ ವರ್ಷ ಕೆಲವು ಕಡೆ ಅನುಕೂಲ, ಕೆಲವು ಕಡೆ ತೊಂದರೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆಯದೇ ರಾಜ್ಯ. ಆಗುಂಬೆ, ಹುಲಿಕಲ್ ಕಡೆ ಕೇಳುವುದೇ ಬೇಡ. ಶಾಲೆಗಳಿಗೆ ಮಳೆ ರಜೆ ಬೀಳುತ್ತದೆ, ಆಮೇಲೆ ಶನಿವಾರ ಪೂರ್ತಿ ದಿನ ನಡೆಸಿ ಪಾಠ ಸರಿದೂಗಿಸುತ್ತಾರೆ. ಮನೆಯಲ್ಲಿರುವ ಮಗುವಿಗೆ ಇದೇ ಒಳ್ಳೆಯ ಓದಿನ ಕಾಲ. ಹೊರಗೆ ಹೋಗುವಂತಿಲ್ಲ, ತೋಟದ ಕೆಲಸ ಕಡಿಮೆ. ಆದರೆ ಕರೆಂಟ್ ಮೂರು ದಿನ ಇರುವುದಿಲ್ಲ, ನೆಟ್‌ವರ್ಕ್ ಕರೆಂಟಿನ ಜೊತೆಗೇ ಹೋಗುತ್ತದೆ. ಕೊರೊನಾ ಕಾಲದಲ್ಲಿ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ಕೊಡೆ ಹಿಡಿದು ಕೂತದ್ದನ್ನು ನಾವು ಮರೆತಿಲ್ಲ. ಅದರ ಹಿಂದೆಯೇ ನಮ್ಮ ಕಡೆ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಂತ ಅಭಿಯಾನ ಎದ್ದದ್ದೂ ನೆನಪಿದೆ. ಆನ್‌ಲೈನ್ ಕ್ಲಾಸನ್ನೇ ನಂಬಿಕೊಂಡು ಮಲೆನಾಡಿನಲ್ಲಿ ಮನೆ ಓದು ಕಟ್ಟಲು ಹೋಗಬೇಡಿ. ಮೇ ತಿಂಗಳಲ್ಲೇ ಪುಸ್ತಕ ತಂದಿಡಿ, ಬೇಕಾದ ವಿಡಿಯೊ ಇಳಿಸಿಟ್ಟುಕೊಳ್ಳಿ, ಪ್ರಶ್ನೆಪತ್ರಿಕೆ ಪ್ರಿಂಟ್ ಹಾಕಿಸಿಡಿ. ಮಳೆಗಾಲದ ಓದು ಕಾಗದದ ಮೇಲೆ ನಡೆಯಲಿ.

ಮಳೆ ಬಿಟ್ಟ ಮೇಲೆ ಅಡಿಕೆ ಕೊನೆಕೊಯ್ಲು. ಅಕ್ಟೋಬರ್ ಕಳೆದು ಜನವರಿವರೆಗೂ ಮನೆ ಅಂಗಳ ತುಂಬಾ ಸುಲಿತ, ಬೇಯಿಸೋದು, ಚಪ್ಪರದಲ್ಲಿ ಒಣಗಿಸೋದು. ಆಳು ಸಿಗದ ಈ ಕಾಲದಲ್ಲಿ ಮನೆಯಲ್ಲೊಬ್ಬ ಹದಿನೈದರ ಹುಡುಗ ಪುಸ್ತಕ ಹಿಡಿದು ಕೂತಿದ್ದರೆ, ಸ್ವಲ್ಪ ಬಾರೋ ಅಂತ ಕರೆಯದೇ ಇರಲು ಯಾರಿಂದಲೂ ಆಗುವುದಿಲ್ಲ. ಕರೆಯುವುದು ತಪ್ಪಲ್ಲ, ತೋಟ ಕಲಿಯುವುದೂ ಓದೇ. ಆದರೆ ಎನ್‌ಐಒಎಸ್‌ನ ಅಕ್ಟೋಬರ್ ಪರೀಕ್ಷೆ ಸರಿಯಾಗಿ ಕೊಯ್ಲಿನ ಬಾಗಿಲಲ್ಲಿ ಬರುತ್ತದೆ, ಎಸ್ಸೆಸ್ಸೆಲ್ಸಿಗೆ ಕಡೆಯ ತಯಾರಿ ಶುರುವಾಗುವುದೂ ಕೊಯ್ಲು ಮುಗಿಯುವ ಮೊದಲೇ. ದಿನದ ಯಾವ ಹೊತ್ತು ಓದಿನದು, ಅದನ್ನು ಯಾರೂ ಮುಟ್ಟುವುದಿಲ್ಲ ಅನ್ನುವ ಮಾತು ಮನೆಯ ಹಿರಿಯರೆಲ್ಲ ಸೇರಿ ಒಪ್ಪಿಕೊಂಡಿರಬೇಕು. ಅಜ್ಜ ಒಪ್ಪದೇ ಇದ್ದರೆ ಇದು ನಡೆಯುವುದಿಲ್ಲ, ನಿಜವಾಗಿ ಹೇಳುತ್ತಿದ್ದೇನೆ.

ಆಮೇಲೆ ತಿದ್ದುವವರ ಪ್ರಶ್ನೆ. ಹದಿನಾಲ್ಕು ದಾಟಿದ ಮಗು ಅಪ್ಪ ಅಮ್ಮನ ತಿದ್ದುವಿಕೆಯನ್ನು ಪಾಠ ಅಂತ ತೆಗೆದುಕೊಳ್ಳುವುದಿಲ್ಲ, ಜಗಳ ಅಂತ ತೆಗೆದುಕೊಳ್ಳುತ್ತದೆ. ಶಾಲೆಯಲ್ಲಿ ಮೇಷ್ಟ್ರು ಕೆಂಪು ಗೆರೆ ಹಾಕಿದರೆ ಅದು ಉತ್ತರಕ್ಕೆ ಹಾಕಿದ್ದು. ಅಮ್ಮ ಹಾಕಿದರೆ ಅದು ನನಗೆ ಹಾಕಿದ್ದು ಅಂತ ಮಗುವಿಗೆ ಅನ್ನಿಸುತ್ತದೆ. ನಾನು ನೋಡಿದ ಮನೆಗಳಲ್ಲಿ ಚೆನ್ನಾಗಿ ನಡೆದದ್ದು ಹೊರಗಿನವರೊಬ್ಬರು ತಿದ್ದುತ್ತಿದ್ದ ಕಡೆ. ನಮ್ಮ ಊರುಗಳಲ್ಲಿ ನಿವೃತ್ತರಾದ ಮೇಷ್ಟ್ರು, ಟೀಚರ್‌ಗಳು ಬೇಕಾದಷ್ಟು ಜನ ಇದ್ದಾರೆ. ಪ್ರತಿದಿನ ಪಾಠ ಹೇಳಿ ಅಂತ ಕೇಳಬೇಡಿ. ವಾರಕ್ಕೊಮ್ಮೆ ಬರೆದದ್ದನ್ನು ನೋಡಿಕೊಡಿ ಅಂತ ಕೇಳಿ, ಬಹಳ ಜನ ಸಂತೋಷದಿಂದ ಒಪ್ಪುತ್ತಾರೆ. ಎಸ್ಸೆಸ್ಸೆಲ್ಸಿ ಬರೆಯುವಾಗ ಮೂರು ಗಂಟೆ ಗಡಿಯಾರದ ಜೊತೆ ಕೂರಬೇಕು. ಮನೆಯಲ್ಲಿ ಓದುವ ಮಕ್ಕಳಿಗೆ ವಿಷಯ ಗೊತ್ತಿರುತ್ತದೆ, ಕೈ ಓಡುವುದಿಲ್ಲ. ಸೆಪ್ಟೆಂಬರ್‌ನಿಂದಾದರೂ ತಿಂಗಳಿಗೆ ಕೆಲವು ಸಲ ಪೂರ್ತಿ ಪತ್ರಿಕೆಯನ್ನು ಮನೆಯ ಹೊರಗೆ ಬರೆಸಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರದ ಮೇಜು ಅದಕ್ಕೆ ಒಳ್ಳೆಯ ಜಾಗ, ಅಲ್ಲಿ ಬೇರೆಯವರೂ ಓಡಾಡುತ್ತಿರುತ್ತಾರೆ, ಪರೀಕ್ಷಾ ಕೊಠಡಿಯ ಸದ್ದು ಅಭ್ಯಾಸವಾಗುತ್ತದೆ.

ಲ್ಯಾಬ್‌ನ ವಿಷಯ ಚುಟುಕಾಗಿ ಹೇಳುತ್ತೇನೆ. ಕಾಡು, ಹೊಳೆ, ಅಣಬೆ, ಮಣ್ಣು ಎಲ್ಲ ಮನೆ ಬಾಗಿಲಲ್ಲೇ ಇರುವುದು ಜೀವಶಾಸ್ತ್ರಕ್ಕೆ ದೊಡ್ಡ ಭಾಗ್ಯ. ಆಮ್ಲ, ಮಸೂರ, ವಿದ್ಯುತ್ ಮಂಡಲ ಮಾತ್ರ ಹೊಳೆ ದಂಡೆಯಲ್ಲಿ ಸಿಗುವುದಿಲ್ಲ. ಹತ್ತಿರದ ಹೈಸ್ಕೂಲಿನ ವಿಜ್ಞಾನ ಶಿಕ್ಷಕರನ್ನು ಕೇಳಿಕೊಳ್ಳಿ.

ಜೊತೆಗಾರರ ಕೊರತೆ ಚಿಕ್ಕದಲ್ಲ. ನಮ್ಮ ಮನೆಗಳು ಗುಡ್ಡಕ್ಕೊಂದು, ಕಣಿವೆಗೊಂದು. ಶಿವಮೊಗ್ಗ ಪೇಟೆಯಲ್ಲಿ ಮನೆಯಲ್ಲಿ ಓದುವ ಮಗು ಸಂಜೆ ರಸ್ತೆಗೆ ಇಳಿದರೆ ಗೆಳೆಯರು ಸಿಗುತ್ತಾರೆ, ಹೊಸನಗರ ತಾಲೂಕಿನ ನಗರ ಹೋಬಳಿಯ ಒಂಟಿ ಮನೆಯ ಮಗುವಿಗೆ ಶಾಲೆಯೇ ಪೇಟೆ. ಪ್ರತಿಭಾ ಕಾರಂಜಿ, ತಾಲೂಕು ಕ್ರೀಡಾಕೂಟ, ಎನ್‌ಸಿಸಿ ಎಲ್ಲ ಶಾಲೆಯ ಮೂಲಕವೇ ಬರುವಂಥವು. ನಮ್ಮ ಕಡೆ ಮನೆಯಲ್ಲಿ ಓದಿಸುವುದು ಹೊಸದೇನಲ್ಲ. ಕುಪ್ಪಳಿಯ ಮನೆಯಲ್ಲಿ ಕುವೆಂಪು ಅವರಿಗೆ ಚಿಕ್ಕಂದಿನಲ್ಲಿ ಪಾಠ ಹೇಳಿದ್ದು ದಕ್ಷಿಣ ಕನ್ನಡದಿಂದ ಕರೆಸಿಕೊಂಡ ಐಗಳು. ಆದರೆ ಬೆಳೆಯುತ್ತಾ ಅವರು ತೀರ್ಥಹಳ್ಳಿಯ ಶಾಲೆಗೆ ಹೋದರು, ಅಲ್ಲಿಂದ ಮೈಸೂರಿಗೆ ಹೋದರು. ಹಳೆಯ ಮಲೆನಾಡಿನ ಮನೆಗಳು ಚಿಕ್ಕ ಮಗುವನ್ನು ಮನೆಯಲ್ಲಿಟ್ಟುಕೊಂಡು, ದೊಡ್ಡದಾದ ಮೇಲೆ ಹೊರಗೆ ಕಳಿಸುತ್ತಿದ್ದವು. ನಾವೀಗ ಮಾಡಹೊರಟಿರುವುದು ಅದರ ಉಲ್ಟಾ, ಜೊತೆಗಾರರು ಅತಿ ಹೆಚ್ಚು ಬೇಕಾದ ವಯಸ್ಸಿನಲ್ಲಿ ಮಗುವನ್ನು ಒಳಗೆ ಕರೆದುಕೊಳ್ಳುವುದು. ಹಾಗಾಗಿ ಜೊತೆಯನ್ನು ನಾವೇ ಹುಡುಕಿಕೊಡಬೇಕು. ಯಕ್ಷಗಾನ ತರಗತಿ, ಊರಿನ ವಾಲಿಬಾಲ್ ತಂಡ, ಹೆಗ್ಗೋಡಿನಲ್ಲಿ ನಾಟಕ ನೋಡುವ ಸಂಜೆಗಳು, ಏನೇ ಇರಲಿ, ವಾರಕ್ಕೆ ಹಲವು ಸಲ ತನ್ನ ವಯಸ್ಸಿನವರ ಜೊತೆ ಇರುವಂತಾಗಬೇಕು.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಹದಿನಾಲ್ಕರ ಹುಡುಗಿಯನ್ನು ಮನೆಯಲ್ಲಿ ಓದಿಸುತ್ತೇವೆ ಅಂದಾಗ ನನಗೆ ಮೊದಲು ಬರುವ ಪ್ರಶ್ನೆ, ಬೆಳಿಗ್ಗೆ ದೋಸೆ ಹುಯ್ಯುವವರು ಯಾರು ಅನ್ನುವುದು. ಮನೆಯಲ್ಲಿದ್ದಾಳೆ ಅಂದರೆ ಕೈಗೆ ಸಿಗುತ್ತಾಳೆ. ಅಡುಗೆ, ತಮ್ಮನ ಕೆಲಸ, ಅಜ್ಜಿಯ ಔಷಧಿ ಎಲ್ಲ ಅವಳಿಗೇ ಬರುತ್ತದೆ, ಯಾರೂ ಕೆಟ್ಟ ಮನಸ್ಸಿನಿಂದ ಮಾಡುವುದಲ್ಲ, ಆದರೂ ಬರುತ್ತದೆ. ಶಾಲೆಗೆ ಹೋಗುವ ಹುಡುಗಿಗೆ ದಿನಕ್ಕೆ ಆರೇಳು ಗಂಟೆ ಯಾರೂ ಕರೆಯದ ಸಮಯ ಇರುತ್ತದೆ. ಮನೆಯಲ್ಲಿ ಅಷ್ಟು ಸಮಯವನ್ನು ಅವಳಿಗೆ ಕೊಡಲು ಆಗುತ್ತದಾ? ಆಗದಿದ್ದರೆ ಅದು ಮನೆ ಶಿಕ್ಷಣವಲ್ಲ, ಶಾಲೆ ಬಿಡಿಸಿದ್ದು. ದಾರಿ ದೂರ, ಬಸ್ ಇಲ್ಲ ಅನ್ನುವುದು ಕಾರಣವಾದರೆ ಆ ಜಗಳವನ್ನು ಬಸ್ಸಿನ ಜೊತೆ ಮಾಡಬೇಕು. ಶಕ್ತಿ ಯೋಜನೆ 2023ರಿಂದ ಟಿಕೆಟ್ ಉಚಿತ ಮಾಡಿತು, ಆದರೆ ಎಷ್ಟೋ ದಾರಿಗಳಲ್ಲಿ ಸರ್ಕಾರಿ ಬಸ್ಸೇ ಇಲ್ಲ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರು ದಶಕಗಳ ಕಾಲ ಕೇಳಿ ಕೇಳಿ 2025ರ ಜುಲೈನಲ್ಲಿ ಸೇತುವೆ ಪಡೆದರು. ಅಲ್ಲಿಯವರೆಗೆ ಲಾಂಚ್‌ನ ವೇಳೆಯೇ ಆ ಕಡೆಯ ಮಕ್ಕಳ ಕಾಲೇಜಿನ ವೇಳೆಯನ್ನೂ ತೀರ್ಮಾನ ಮಾಡುತ್ತಿತ್ತು.

ದೂರವೇ ತೊಂದರೆ ಅನ್ನುವವರಿಗೆ ಮನೆ ಓದಿಗಿಂತ ಮೊದಲು ನೋಡಬೇಕಾದ ದಾರಿಗಳಿವೆ. ಗಾಜನೂರಿನ ನವೋದಯದಲ್ಲಿ ಒಂಬತ್ತನೇ ತರಗತಿಗೆ ಖಾಲಿ ಇರುವ ಸೀಟುಗಳಿಗೆ ಪ್ರವೇಶ ಪರೀಕ್ಷೆ ಇದೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ, ಹಾಸ್ಟೆಲ್‌ಗಳಿವೆ. ಇವನ್ನೆಲ್ಲ ವಿಚಾರಿಸಿ, ಮಗುವಿಗೆ ಒಗ್ಗುವುದಿಲ್ಲ ಅಂತ ಖಚಿತವಾದ ಮೇಲೆ ಮನೆ ಓದಿನ ಮಾತು ಬರಲಿ.

ವಾಪಸ್ ಬರುವ ದಾರಿಯನ್ನೂ ಮುಚ್ಚಿಕೊಳ್ಳಬೇಡಿ. ಟಿಸಿ ತಂದ ಮೇಲೆ ಅದನ್ನು ಎಲ್ಲೋ ಇಟ್ಟು ಮರೆಯಬಾರದು. ಅಂಕಪಟ್ಟಿಗಳು, ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆ ಮಗುವಿಗೆ ಕೊಡುವ ಗುರುತಿನ ಸಂಖ್ಯೆ), ಹಿಂದಿನ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಎಲ್ಲ ಒಂದೇ ಫೈಲಿನಲ್ಲಿರಲಿ. ಆಧಾರ್‌ನಲ್ಲಿರುವ ಹೆಸರೂ ಜನ್ಮದಿನಾಂಕವೂ ಶಾಲಾ ದಾಖಲೆಗೆ ಹೊಂದುತ್ತವಾ ಅಂತ ಈಗಲೇ ನೋಡಿ, ಒಂದಕ್ಷರ ಬೇರೆ ಇದ್ದರೂ ಪರೀಕ್ಷೆ ಅರ್ಜಿ ಹೊತ್ತಿಗೆ ತಾಲೂಕು ಕಚೇರಿಗೆ ಅಲೆಯಬೇಕಾಗುತ್ತದೆ. ಬಿಡುವ ಶಾಲೆಯ ಮುಖ್ಯ ಶಿಕ್ಷಕರ ಜೊತೆ ಮಾತು ಮುರಿದುಕೊಳ್ಳಬೇಡಿ. ಒಂಬತ್ತನೇ ತರಗತಿಯ ಅರ್ಧದಲ್ಲಿ, ನನಗೆ ಇದು ಆಗ್ತಿಲ್ಲ, ಶಾಲೆಗೇ ಹೋಗ್ತೀನಿ ಅಂತ ಮಗು ಹೇಳಬಹುದು. ಹಾಗೆ ಹೇಳಿದ ವಾರವೇ ಹೋಗಿ ಸೇರಿಸಲು ಆಗುವಂತಿರಬೇಕು. ಹತ್ತನೇ ತರಗತಿಗೆ ನೇರವಾಗಿ ಹೊಸದಾಗಿ ಸೇರಿಸಿಕೊಳ್ಳಲು ಶಾಲೆಗಳು ಹಿಂಜರಿಯುತ್ತವೆ, ಫಲಿತಾಂಶದ ಭಯ ಅವರಿಗೂ ಇದೆ. ಆದ್ದರಿಂದ ಮನಸ್ಸು ಬದಲಿಸಲು ಇರುವ ಕಾಲ ಒಂಬತ್ತನೇ ತರಗತಿಯ ಒಳಗೇ, ಅದನ್ನು ಮಗುವಿಗೂ ಮೊದಲೇ ತಿಳಿಸಿರಿ.